ಐದು ನಿಮಿಷದ ಹೈಸ್ಕೂಲು

ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಶನಿವಾರ ರಾತ್ರಿ ಕಾಮನ್ ರೂಮಿನ ಟೀವಿಯಲ್ಲಿ ಇಂಗ್ಲಿಷ್ ಸಿನಿಮಾ ನೋಡುತ್ತಿದ್ದೆವು. ಅರ್ಧ ಮಾತು ತಲೆಗೆ ಹೋಗುತ್ತಿರಲಿಲ್ಲ. ಆದರೂ ಅಮೆರಿಕದ ಹೈಸ್ಕೂಲು ನಮಗೆ ಬಾಯಿಪಾಠವಾಗಿತ್ತು. ಉದ್ದನೆಯ ಕಾರಿಡಾರು. ಎರಡೂ ಕಡೆ ಕಬ್ಬಿಣದ ಲಾಕರು. ಅದಕ್ಕೊರಗಿ ನಿಂತ ಹುಡುಗ, ಪುಸ್ತಕ ಎದೆಗವಚಿಕೊಂಡ ಹುಡುಗಿ. ಇಬ್ಬರೂ ಸಾವಕಾಶವಾಗಿ ಮಾತಾಡುತ್ತಾರೆ, ಜಗಳವಾಡುತ್ತಾರೆ, ರಾಜಿಯೂ ಆಗುತ್ತಾರೆ. ಅಷ್ಟಾದರೂ ಬೆಲ್ಲು ಹೊಡೆಯುವುದಿಲ್ಲ. ಆ ಮಕ್ಕಳ ಚೆಂದ, ಬಟ್ಟೆ, ಕಾರು ಯಾವುದಕ್ಕೂ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಅವರಿಗಿದ್ದ ಪುರುಸೊತ್ತು ನೋಡಿ ಆಗುತ್ತಿತ್ತು.

ಹೋದ ವರ್ಷ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳು ಹತ್ತನೇ ಕ್ಲಾಸು. ಅಲ್ಲಿ ಹೈಸ್ಕೂಲು ಅಂದರೆ ಒಂಬತ್ತರಿಂದ ಹನ್ನೆರಡು, ನಮ್ಮ ಪಿಯುಸಿಯೂ ಅದರಲ್ಲೇ ಬಂತು. ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ‘ಬ್ಯಾಕ್ ಟು ಸ್ಕೂಲ್ ನೈಟ್’ ಅಂತ ಇಡುತ್ತಾರೆ. ಅವತ್ತು ಸಂಜೆ ಅಪ್ಪ ಅಮ್ಮಂದಿರು ಮಕ್ಕಳ ಟೈಮ್‌ಟೇಬಲ್ ಹಿಡಿದು ಒಂದೊಂದು ಪೀರಿಯಡ್ಡಿಗೂ ತಾವೇ ಹೋಗಿ ಕೂರಬೇಕು. ಪೀರಿಯಡ್ಡು ಹತ್ತು ನಿಮಿಷ. ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಹೋಗಲು ಐದು ನಿಮಿಷ. ಭಾವನಿಗೆ ಆಫೀಸಿನ ಮೀಟಿಂಗಿತ್ತು. ಅವರ ಬದಲಿಗೆ ನಾನು ಹೊರಟೆ. ಸಿನಿಮಾದ ಶಾಲೆಯನ್ನು ಕಣ್ಣಾರೆ ನೋಡುವ ಆಸೆ, ಇನ್ನೇನು!

ಹೋಗಿ ನೋಡಿದರೆ ಕಾರಿಡಾರೇ ಇಲ್ಲ. ಒಂದೇ ಅಂತಸ್ತಿನ ಸಾಲು ಸಾಲು ಕಟ್ಟಡ, ಮುಂದೆ ಸೂರು ಇಳಿಸಿದ ಜಗಲಿಯಂಥ ದಾರಿ, ಆಮೇಲೆ ಬಯಲು. ಹಿಮ ಬೀಳದ ಊರು, ಮಳೆಯೂ ಅಪರೂಪ. ಮುಚ್ಚಿದ ಕಾರಿಡಾರು ಯಾರಿಗೆ ಬೇಕು? ಹಿಂದುಗಡೆ ಪೋರ್ಟಬಲ್ ಅಂತ ತಂದಿಟ್ಟ ಡಬ್ಬಿಯಂಥ ಕ್ಲಾಸುಗಳು. ಲಾಕರಿನ ವಿಷಯ ಮನೆಯಲ್ಲೇ ಕೇಳಿದ್ದೆ. “ಅದನ್ನ ಯಾರೂ ಯೂಸ್ ಮಾಡಲ್ಲ ಚಿಕ್ಕಿ. ಅಲ್ಲಿಗೆ ಹೋಗಿ ಬರೋದ್ರಲ್ಲಿ ಐದು ನಿಮಿಷ ಮುಗ್ದೋಗತ್ತೆ” ಅಂದಿದ್ದಳು ಅಕ್ಕನ ಮಗಳು. ಅದಕ್ಕೇ ಎಲ್ಲವನ್ನೂ ಬೆನ್ನಿಗೇ ಹೇರಿಕೊಂಡು ತಿರುಗುತ್ತಾಳೆ. ಆ ಬ್ಯಾಗನ್ನು ಒಂದು ಸಲ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿದ್ದೇನೆ.

ಸಿನಿಮಾದಲ್ಲಿ ಕಾಣುವ ಹಳದಿ ಶಾಲಾ ಬಸ್ಸೂ ಇಲ್ಲ. ಆ ಬಣ್ಣಕ್ಕೆ ಒಂದು ಕತೆಯಿದೆ. 1939ರಲ್ಲಿ ಫ್ರಾಂಕ್ ಸೈರ್ ಎಂಬ ಪ್ರೊಫೆಸರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಭೆ ಕರೆದು ಶಾಲಾ ಬಸ್ಸಿಗೆ ಇದೇ ಹಳದಿ ಅಂತ ಗೊತ್ತುಮಾಡಿಸಿದರು. ಮಬ್ಬು ಬೆಳಕಿನಲ್ಲೂ ಅದರ ಮೇಲಿನ ಕಪ್ಪು ಅಕ್ಷರ ಚೆನ್ನಾಗಿ ಕಾಣುತ್ತದಂತೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಬಸ್ಸಿನಲ್ಲಿ ಶಾಲೆಗೆ ಹೋಗುವ ಮಕ್ಕಳು ತೀರಾ ಕಡಿಮೆ. ಬೆಳಿಗ್ಗೆ ಅಕ್ಕ ನೈಟಿಯ ಮೇಲೊಂದು ಜಾಕೆಟ್ಟು ಹಾಕಿಕೊಂಡು ಕಾರುಗಳ ಸಾಲಿನಲ್ಲಿ ನಿಲ್ಲುತ್ತಾಳೆ. ಆ ಸಾಲಿನಲ್ಲಿ ಅರ್ಧ ಜನ ಹಾಗೇ ಬಂದಿರುತ್ತಾರೆ ಅಂತ ಅವಳ ಸಮಾಧಾನ.

ಸಿನಿಮಾದ ಮಕ್ಕಳು ಅಷ್ಟು ನಿರಾಳವಾಗಿರಲು ಇನ್ನೊಂದು ಕಾರಣವಿದೆ. ಅವರು ಮಕ್ಕಳೇ ಅಲ್ಲ. 1978ರಲ್ಲಿ ಬಂದ ‘ಗ್ರೀಸ್’ ಸಿನಿಮಾದಲ್ಲಿ ಹೈಸ್ಕೂಲು ಹುಡುಗಿಯ ಪಾತ್ರ ಮಾಡಿದ ಸ್ಟಾಕರ್ಡ್ ಚಾನಿಂಗ್‌ಗೆ ಶೂಟಿಂಗ್ ಹೊತ್ತಿಗೆ 33 ವರ್ಷ! ನಲವತ್ತರ ಹೀರೋ ಹೆಗಲಿಗೊಂದು ಬ್ಯಾಗು ನೇತುಹಾಕಿಕೊಂಡು ಕಾಲೇಜಿಗೆ ಹೋಗುವುದು ನಮ್ಮ ಕನ್ನಡ ಸಿನಿಮಾದಲ್ಲಿ ಮಾತ್ರ ಅಂದುಕೊಂಡಿದ್ದೆ. ಅವರ ಕಡೆ ಇದಕ್ಕೆ ಕಾನೂನಿನ ನೆವವೂ ಉಂಟು. ಹದಿನೆಂಟು ತುಂಬದವರನ್ನು ದಿನಕ್ಕೆ ಇಷ್ಟೇ ಗಂಟೆ ದುಡಿಸಬೇಕು, ಸೆಟ್ಟಿನಲ್ಲೇ ಮೇಷ್ಟ್ರನ್ನಿಟ್ಟು ಪಾಠ ಹೇಳಿಸಬೇಕು. ಅಷ್ಟು ತಾಪತ್ರಯ ಯಾಕೆ ಅಂತ ದೊಡ್ಡವರಿಗೇ ಎರಡು ಜಡೆ ಹಾಕಿ ನಿಲ್ಲಿಸಿದರೆ ಆಯಿತಲ್ವಾ?

ನಿಜವಾದ ಹತ್ತನೇ ಕ್ಲಾಸಿನವಳು ನಮ್ಮ ಮನೆಯಲ್ಲಿದ್ದಳು. ಮೊಡವೆ, ಹಲ್ಲಿಗೆ ತಂತಿ, ಕಣ್ಣ ತುಂಬ ನಿದ್ದೆ. ಮಕ್ಕಳಿಗೆ ನಿದ್ದೆ ಸಾಲದು ಅಂತ ಕ್ಯಾಲಿಫೋರ್ನಿಯಾ ಸರ್ಕಾರ 2022ರಿಂದ ಹೈಸ್ಕೂಲುಗಳನ್ನು ಬೆಳಿಗ್ಗೆ 8:30ಕ್ಕೆ ಮುಂಚೆ ಶುರುಮಾಡಬಾರದು ಅಂತ ಕಾನೂನು ಮಾಡಿದೆ. ಹಾಗೆ ಉಳಿದ ಹೊತ್ತನ್ನೂ ನಮ್ಮ ಹುಡುಗಿ ಹಿಂದಿನ ರಾತ್ರಿಯ ಹೋಮ್‌ವರ್ಕಿಗೆ ಸೇರಿಸಿಕೊಂಡಿದ್ದಾಳೆ. ಸಿನಿಮಾದಲ್ಲಿ ಯಾರಾದರೂ ಹೋಮ್‌ವರ್ಕ್ ಮಾಡಿದ್ದು ನೋಡಿದ್ದೀರಾ? ಅಲ್ಲಿ ಓದುವ ಹುಡುಗ ಅಂದರೆ ದಪ್ಪ ಕನ್ನಡಕದವನು, ಎಲ್ಲರ ಕೈಲೂ ಹೊಡೆಸಿಕೊಳ್ಳುವವನು. “ಇಲ್ಲಿ ಎಲ್ಲಾರೂ ನರ್ಡೇ. ಯಾರು ಯಾರಿಗೆ ಹೊಡೀಬೇಕು?” ಅಂತ ಕೇಳಿದಳು. ಫ್ರೀಮಾಂಟಿನ ಮಾತು ಅದು. ನಮ್ಮವರು, ಚೀನೀಯರು ತುಂಬಿರುವ ಊರು. ಎಪಿ ಅಂತ ಕಾಲೇಜು ಮಟ್ಟದ ಕಷ್ಟದ ಪಾಠಗಳಿವೆ. ಯಾರು ಎಷ್ಟು ಎಪಿ ತಗೊಂಡರು ಅನ್ನುವುದರ ಮೇಲೆ ಮರ್ಯಾದೆ. ದಾವಣಗೆರೆಯ ಟ್ಯೂಷನ್ ಮನೆಗೂ ಇದಕ್ಕೂ ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಸಿನಿಮಾದಲ್ಲಿ ಊಟದ ಹೊತ್ತಿಗೆ ಮೇಜುಗಳನ್ನು ಹಂಚಿಕೊಂಡು ಕೂರುವ ಗುಂಪುಗಳ ಬಗ್ಗೆಯೂ ಕೇಳಿದೆ. ಅದೂ ಸುಳ್ಳು. ಹೊರಗೆ, ಗೋಡೆಗೊರಗಿ, ನೆಲದ ಮೇಲೆ ಕೂತು ತಿನ್ನುತ್ತಾರಂತೆ. ಅಲ್ಲಿಯ ಪುಂಡರ ಗುಂಪು ಅಂದರೆ ಸೀಗಲ್ ಹಕ್ಕಿಗಳು. ಸಮುದ್ರದ ಕೊಲ್ಲಿ ಹತ್ತಿರವೇ ಇದೆ ನೋಡಿ. ಊಟ ಮುಗಿಯುವ ಹೊತ್ತಿಗೆ ಸರಿಯಾಗಿ ಬಂದು ಸೂರಿನ ಅಂಚಿನ ಮೇಲೆ ಸಾಲಾಗಿ ಕೂರುತ್ತವೆ. ಬೆಲ್ಲು ಹೊಡೆದು ಮಕ್ಕಳು ಎದ್ದರೋ ಇಲ್ಲವೋ, ದಬದಬ ಇಳಿದು ಬಿಟ್ಟ ಪಿಜ್ಜಾ ತುಂಡಿಗೆ ಕಿತ್ತಾಡುತ್ತವೆ. ಇಡೀ ಶಾಲೆಯಲ್ಲಿ ಟೈಮಿಗೆ ಸರಿಯಾಗಿ ಬರುವವು ಅವೇ ಅಂತೆ.

ಕೆಮಿಸ್ಟ್ರಿ ಕ್ಲಾಸಿನಲ್ಲಿ ಬಾಗಿಲಿನ ಗಾಜಿನ ಮೇಲ್ಗಡೆ ಕಪ್ಪು ಬಟ್ಟೆಯೊಂದನ್ನು ಸುರುಳಿ ಸುತ್ತಿ ಸಿಕ್ಕಿಸಿದ್ದರು. ಬಿಸಿಲಿಗಾ ಅಂತ ಅಕ್ಕನನ್ನು ಕೇಳಿದೆ. “ಅಲ್ಲ ಕಣೆ. ಗನ್ ಹಿಡಿದವನು ಯಾವನಾದ್ರೂ ಒಳಗೆ ಬಂದ್ರೆ ಇಳಿಬಿಡೋಕೆ” ಅಂದಳು. ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಉಸಿರೆತ್ತದೆ ಮೂಲೆಯಲ್ಲಿ ಕೂರುವುದನ್ನು ಆಗಾಗ ಅಭ್ಯಾಸ ಮಾಡಿಸುತ್ತಾರೆ. ನಮ್ಮ ಹಾಸ್ಟೆಲಿನ ಟೀವಿಯಲ್ಲಿ ಆ ಬಟ್ಟೆ ಯಾವತ್ತೂ ಕಾಣಲಿಲ್ಲ.

ಒಂದನ್ನು ಮಾತ್ರ ಸಿನಿಮಾದವರು ಸರಿಯಾಗಿ ಹಿಡಿದಿದ್ದಾರೆ. ಟೀಚರು ಅರ್ಧ ವಾಕ್ಯದಲ್ಲಿದ್ದಾಗಲೇ ಬೆಲ್ಲು ಹೊಡೆಯುತ್ತದೆ. ಇಂಗ್ಲಿಷ್ ಟೀಚರು “ಈ ವರ್ಷ ನಿಮ್ಮ ಮಕ್ಕಳಿಂದ ನಾನು ಬಯಸುವುದು ಏನೆಂದರೆ” ಅಂದರು. ಬೆಲ್ಲು. ಏನು ಬಯಸುತ್ತಾರೋ ನಮಗಿನ್ನೂ ತಿಳಿದಿಲ್ಲ. ಎಲ್ಲರೂ ಧಡಕ್ಕನೆ ಎದ್ದು ಓಡಿದೆವು.

ಐದನೇ ಪೀರಿಯಡ್ಡು ಜಿಮ್ಮಿನಲ್ಲಿ. ಆರನೆಯದು ಸ್ಪ್ಯಾನಿಷ್, ಪೋರ್ಟಬಲ್ ನಂಬರ್ 7. ಮ್ಯಾಪನ್ನು ಫೋನಿನ ಬೆಳಕಿಗೆ ಹಿಡಿದುಕೊಂಡು ಅಕ್ಕ ಮುಂದೆ, ಸೆರಗು ಸಿಕ್ಕಿಸಿಕೊಂಡು ನಾನು ಹಿಂದೆ. ಹೋಗಿದ್ದೆಲ್ಲ ಉಲ್ಟಾ ದಾರಿ. ಕೊನೆಗೆ ಏದುಸಿರು ಬಿಡುತ್ತಾ ತಲುಪಿದಾಗ ಬಾಗಿಲು ಮುಚ್ಚಿತ್ತು, ಒಳಗೆ ಪಾಠ ನಡೆದಿತ್ತು. ಬಾಗಿಲು ಕಿರ್ ಎಂದಿತು. ಮೂವತ್ತು ಜನ ಒಟ್ಟಿಗೆ ತಿರುಗಿ ನೋಡಿದರು. ಹಿಂದಿನ ಬೆಂಚಿಗೆ ಹೋಗಿ ಕೂತು ಅಕ್ಕ ಪಿಸುಗುಟ್ಟಿದಳು: “ಲೇಟಾದ್ವಿ ಅಂತ ಅವಳಿಗೆ ಹೇಳ್ಬೇಡ. ದಿನಾ ಬೈತೀನಿ.”

ಮನೆಗೆ ಬಂದು ಚಪ್ಪಲಿ ಬಿಟ್ಟಿದ್ದೆವು ಅಷ್ಟೇ. ಹುಡುಗಿ ಪುಸ್ತಕದಿಂದ ತಲೆಯೆತ್ತದೆ ಕೇಳಿದಳು, “ಸಿಕ್ಸ್ತ್ ಪೀರಿಯಡ್‌ಗೆ ಲೇಟಾಯ್ತಾ?”

ನಾವಿಬ್ಬರೂ ಮಾತಾಡಲಿಲ್ಲ.

“ಸ್ವಿಮ್ಮಿಂಗ್ ಪೂಲ್ ಹಿಂದೆ ಒಂದು ಶಾರ್ಟ್‌ಕಟ್ ಇದೆ” ಅಂದಳು. “ಹೇಳೋದು ಮರ್ತೋಯ್ತು.”