ಸತ್ಯಾಂಶ: ಫಾಯಿಲ್ ಕತ್ತರಿಸಿದರೆ ಚಾಕು ಹರಿತವಾಗುತ್ತದೆಯೇ?

ಬದಿಯಡ್ಕ, ಕುಂಬಳೆ ಕಡೆಯ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ಸುತ್ತುತ್ತಿದೆ: ಅಲ್ಯೂಮಿನಿಯಂ ಫಾಯಿಲ್ ಮಡಚಿ ಹತ್ತು ಸಲ ಕತ್ತರಿಸಿ, ಮೊಂಡು ಚಾಕು ಹೊಸದರಂತಾಗುತ್ತದೆ, ಕಲ್ಲು ಬೇಡ.

ಆಗುವುದಿಲ್ಲ. ಚಾಕು ಹರಿತವಾಗಬೇಕಾದರೆ ಅಂಚಿನ ಉಕ್ಕು ಸವೆಯಬೇಕು, ಫಾಯಿಲ್ ಉಕ್ಕಿಗಿಂತ ತುಂಬಾ ಮೆತ್ತಗೆ. ಅಂಚಿಗೆ ಅಂಟಿದ ಕೊಳೆ ಹೋಗಬಹುದು, ಅಷ್ಟೇ. ಮಸೆಯುವ ಕಲ್ಲಿನಲ್ಲೂ ಅಲ್ಯೂಮಿನಿಯಂ ಇದೆಯಲ್ವಾ ಅಂತ ಕೆಲವರು ವಾದಿಸುತ್ತಾರೆ. ಇದೆ, ಆದರೆ ಅದು ಅಲ್ಯೂಮಿನಿಯಂ ಆಕ್ಸೈಡ್, ಉಕ್ಕಿಗಿಂತ ಗಟ್ಟಿ; ಫಾಯಿಲ್ ಮೇಲೂ ಅದರ ಪದರ ಇರುತ್ತದೆ, ಆದರೆ ಕೆಲವೇ ನ್ಯಾನೋಮೀಟರ್ ದಪ್ಪ, ಏನನ್ನೂ ಸವೆಸುವಷ್ಟಿಲ್ಲ.

ಮನೆಗೆ 1000 ಗ್ರಿಟ್‌ನ (ಗ್ರಿಟ್ ಅಂದರೆ ಕಲ್ಲಿನ ಕಣ ಎಷ್ಟು ನಯ ಎಂಬ ಅಳತೆ) ಒಂದು ಕಲ್ಲು ಸಾಕು. ನೀರು ಹೀರುವ ಕಲ್ಲಾದರೆ ಗುಳ್ಳೆ ನಿಲ್ಲುವವರೆಗೆ ನೆನೆಸಿ, ಒದ್ದೆ ಬಟ್ಟೆಯ ಮೇಲಿಟ್ಟರೆ ಜಾರುವುದಿಲ್ಲ. ಕೋನ 15ರಿಂದ 20 ಡಿಗ್ರಿ, ಅಂದರೆ 4 ಸೆಂಟಿಮೀಟರ್ ಅಗಲದ ಚಾಕುವಿನ ಬೆನ್ನನ್ನು ಕಲ್ಲಿನಿಂದ 1 ಸೆಂಟಿಮೀಟರಿಗಿಂತ ತುಸು ಜಾಸ್ತಿ ಎತ್ತಿ ಹಿಡಿಯಬೇಕು, ಆ ಎತ್ತರ ಬದಲಾಗದಂತೆ ಉಜ್ಜಬೇಕು, ನಿಜವಾದ ಕಷ್ಟ ಇರುವುದೇ ಇಲ್ಲಿ. ಒಂದು ಬದಿ ಉಜ್ಜಿದಾಗ ಇನ್ನೊಂದು ಬದಿಯ ಅಂಚಿನುದ್ದಕ್ಕೂ ಸಣ್ಣ ತರಿ, ಅಂದರೆ ಆಚೆ ಮಡಚಿಕೊಂಡ ಉಕ್ಕಿನ ತೆಳು ಏಣು, ಏಳುತ್ತದೆ. ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಸವರಿದರೆ ಗೊತ್ತಾಗುತ್ತದೆ, ಆದರೆ ಅಂಚಿನುದ್ದಕ್ಕೆ ಯಾವತ್ತೂ ಸವರಬೇಡಿ. ತರಿ ಎದ್ದ ಮೇಲೆ ತಿರುಗಿಸಿ ಇನ್ನೊಂದು ಬದಿಯನ್ನೂ ಹಾಗೆಯೇ ಉಜ್ಜಿ, ಕೊನೆಗೆ ಹಗುರಾಗಿ ಎರಡೂ ಬದಿ ಎಳೆದು ತರಿ ತೆಗೆಯಿರಿ.

ಮೆಟ್ಟುಕತ್ತಿಯ (ಈಳಿಗೆಮಣೆಯ) ಅಲಗು ಬಾಗಿರುತ್ತದೆ, ಅದನ್ನು ಕಲ್ಲಿಗೆ ಉಜ್ಜುವುದಕ್ಕಿಂತ ಸಣ್ಣ ಕಲ್ಲನ್ನೇ ಕೈಯಲ್ಲಿ ಹಿಡಿದು ಅಲಗಿನ ಮೇಲೆ ಆಡಿಸುವುದು ಸುಲಭ. ಹಲಸಿನ ಮೇಣ ಇದ್ದರೆ ಮೊದಲು ತೆಂಗಿನೆಣ್ಣೆ ಹಚ್ಚಿ ಒರೆಸಿ, ಸೋಪಿನಲ್ಲಿ ತೊಳೆಯಿರಿ.