ಗುಂಡಿ ಪುಸ್ತಕಗಳು

ನಿನ್ನೆ ಸಂಜೆ ಪುಸ್ತಕದಂಗಡಿಯಲ್ಲಿ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಇರಲಿಲ್ಲ.

ಪಿಯುಸಿ ಓದೋ ವಯಸ್ಸಿನ ಹುಡುಗ, ಜೊತೆಗೆ ಅಪ್ಪ. ಹುಡುಗನ ಕೈಯಲ್ಲಿ ಇಟ್ಟಿಗೆ ದಪ್ಪದ ಪುಸ್ತಕ, ಮುಖಪುಟದಲ್ಲಿ ಕೋರೆಹಲ್ಲಿನ ರಾಕ್ಷಸ. ಬ್ಲೆಂಡರ್ ಅನ್ನೋ ತಂತ್ರಾಂಶದಲ್ಲಿ, ಅಂದರೆ ಕಂಪ್ಯೂಟರ್ ಪರದೆಯ ಮೇಲೆ, ಶಿಲ್ಪ ಮಾಡೋದನ್ನ ಕಲಿಸುತ್ತಂತೆ. ಬೆಲೆ ಎರಡೂವರೆ ಸಾವಿರ, ಅದರ ಮೇಲೆ ನಲವತ್ತು ಪರ್ಸೆಂಟ್ ಡಿಸ್ಕೌಂಟು. ಅಂಗಡಿಯವನು "ಹೊಸಬರಿಗೆ ಇದೇ ಬೆಸ್ಟ್ ಸರ್" ಅಂತಿದ್ದ. (ಐದು ನಿಮಿಷದ ಹಿಂದೆ ಒಂದು ಉಪ್ಪಿನಕಾಯಿ ಪುಸ್ತಕಕ್ಕೂ ಅದನ್ನೇ ಅಂದಿದ್ದ.) ನಾನು ಕತ್ತು ತೂರಿಸಿ, "ತಮ್ಮಾ, ಯಾವ ವರ್ಷದ್ದು ನೋಡಪ್ಪ" ಅಂದೆ. 2018.

ಇಪ್ಪತ್ತು ವರ್ಷ ಲೆಕ್ಕಪತ್ರ ಬರೆದ ಕೈ ರಾತ್ರಿ ಹತ್ತಾದ ಮೇಲೆ ಕಂಪ್ಯೂಟರಿನಲ್ಲಿ ಮೂಗು ತಿದ್ದೋಕೆ ಕೂರುತ್ತೆ ಅನ್ನೋ ನನ್ನ ಹುಚ್ಚು ನಿಮಗೆಲ್ಲ ಗೊತ್ತು. ಲೈಕ್ ಒತ್ತಿ ಒತ್ತಿ ನಿಮಗೂ ಸಾಕಾಗಿದೆ. ಗೊತ್ತಿಲ್ಲದವರಿಗೆ ಒಂದು ಮಾತು: 2019ರ ಜುಲೈಯಲ್ಲಿ ಬ್ಲೆಂಡರ್ 2.80 ಬಂದಾಗ ಅದರ ಮುಖವೇ ಬದಲಾಯಿತು. ಅಲ್ಲಿಯವರೆಗೆ ಏನನ್ನಾದರೂ ಆರಿಸಬೇಕು ಅಂದರೆ ಮೌಸಿನ ಬಲಗುಂಡಿ ಒತ್ತಬೇಕಿತ್ತು, ಅಲ್ಲಿಂದೀಚೆಗೆ ಎಡಗುಂಡಿ. ಅಂದರೆ ಆ ರಾಕ್ಷಸನ ಪುಸ್ತಕ ಎರಡನೇ ಅಧ್ಯಾಯದಲ್ಲೇ ಹುಡುಗನ ಕೈಯನ್ನ ತಪ್ಪು ಗುಂಡಿಗೆ ಕಳಿಸುತ್ತೆ. ಕಲಸಿದ ಮುದ್ದೆಯನ್ನ ಮತ್ತೆ ಒಂದೇ ಹದಕ್ಕೆ ತರೋ ವಾಕ್ಸೆಲ್ ರೀಮೆಶ್ ಅನ್ನೋ ಸೌಲಭ್ಯ ಬಂದಿದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಅದಿಲ್ಲದೆ ನಾನು ಈಗ ಒಂದು ಗಲ್ಲ ಕೂಡ ಮಾಡಲಾರೆ. ಆ ಪುಸ್ತಕದಲ್ಲಿ ಅದರ ಹೆಸರೂ ಇರೋಕೆ ಸಾಧ್ಯವಿಲ್ಲ.

"ಹಾಗಾದ್ರೆ ಹೊಸದು ತಗೊಳ್ಳಲಿ ಬಿಡಿ" ಅಂತೀರಾ? 2023ರದ್ದು ತಗೊಂಡರೂ ಅದೇ ಕಥೆ. 2024ರ ನವೆಂಬರ್‌ನಲ್ಲಿ ಬ್ಲೆಂಡರ್ 4.3 ಬಂತು, ಎಡಗಡೆ ಸಾಲಾಗಿ ನಿಂತಿದ್ದ, ಕೆತ್ತೋಕೆ ಮೆತ್ತೋಕೆ ಬಳಸೋ ಬ್ರಶ್‌ಗಳೆಲ್ಲ ಪರದೆಯ ಕೆಳಗಿನ ಪಟ್ಟಿಗೆ ಇಳಿದು ಕೂತವು. ಪುಸ್ತಕದ ಅಷ್ಟೂ ಚಿತ್ರ ಹಳೆಯದಾಯಿತು. ವರ್ಷಕ್ಕೆ ಎರಡು ಮೂರು ಸಲ ಹೊಸ ಆವೃತ್ತಿ ಬರೋ ತಂತ್ರಾಂಶದ ಬಗ್ಗೆ ಅಚ್ಚು ಹಾಕಿಸೋದು ಅಂದರೆ ಹೋದ ವರ್ಷದ ಪಂಚಾಂಗ ಮಾರಿದ ಹಾಗೆ. ಜಿಬ್ರಶ್ ಅನ್ನೋ ಇನ್ನೊಂದು ಶಿಲ್ಪ ತಂತ್ರಾಂಶ ಬಳಸೋ ಗೆಳೆಯರು ನಗಬೇಡಿ. ಒಂದು ಸಲ ಕೊಂಡರೆ ಮುಂದಿನ ಅಪ್‌ಗ್ರೇಡ್‌ಗಳೆಲ್ಲ ಉಚಿತ ಅಂತ ಹೆಮ್ಮೆಯಿಂದ ಹೇಳ್ತಿದ್ದ ನೀವೂ ಈಗ ಚಂದಾದಾರರೇ.

ಇವಕ್ಕೆ ನಾನಿಟ್ಟ ಹೆಸರು ಗುಂಡಿ ಪುಸ್ತಕ. ಈ ಗುಂಡಿ ಒತ್ತು, ಆ ಗುಂಡಿ ಒತ್ತು. ಎರಡನೇ ಅರ್ಥದ ಗುಂಡಿಯೂ ಹೌದು, ನಾನೇ ನಾಲ್ಕು ಸಲ ಬಿದ್ದಿದ್ದೇನೆ. ನಾಲ್ಕಕ್ಕೂ ಸೇರಿ ಕೊಟ್ಟ ದುಡ್ಡಿಗೆ ಒತ್ತಡ ಹಿಡಿಯೋ ಒಳ್ಳೆಯ ಪೆನ್ ಟ್ಯಾಬ್ಲೆಟ್ ಬರ್ತಿತ್ತು. ನಾನು ಮಾತ್ರ ಆಗ ಒಂದು ವರ್ಷ ಮೌಸಿನಲ್ಲೇ ಕೆತ್ತಿದೆ. ಸೋಪಿನ ಮೇಲೆ ಸುತ್ತಿಗೆಯಲ್ಲಿ ಕೆತ್ತಿದ ಹಾಗೆ.

ಗುಂಡಿ ಗೊತ್ತಿಲ್ಲದೆ ಶುರು ಮಾಡೋದು ಹೇಗೆ ಅಂತ ಆ ಅಪ್ಪನೂ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಮೊದಲ ಆರು ತಿಂಗಳಿಗೆ ಬೇಕಾಗೋ ಗುಂಡಿಗಳು ಬಿಎಂಟಿಸಿ ಟಿಕೆಟ್ಟಿನ ಹಿಂದೆ ಹಿಡಿಸುತ್ತವೆ. ಎಳೆಯೋಕೆ ಗ್ರ್ಯಾಬ್, ಮೆತ್ತೋಕೆ ಕ್ಲೇ ಸ್ಟ್ರಿಪ್ಸ್, ಕಂಟ್ರೋಲ್ ಹಿಡಿದರೆ ಮೆತ್ತೋ ಬದಲು ಕೆತ್ತುತ್ತೆ, ಶಿಫ್ಟ್ ಹಿಡಿದರೆ ನಯವಾಗುತ್ತೆ, ಎಫ್ ಒತ್ತಿದರೆ ಬ್ರಶ್ ದೊಡ್ಡದು ಚಿಕ್ಕದು, ಕಂಟ್ರೋಲ್ ಆರ್ ಒತ್ತಿದರೆ ರೀಮೆಶ್. ಮುಗೀತು. ಉಳಿದದ್ದು ಬ್ಲೆಂಡರ್‌ನವರ ಮ್ಯಾನ್ಯುಯಲ್‌ನಲ್ಲಿದೆ, ಪುಕ್ಕಟೆ, ಆವೃತ್ತಿ ಬದಲಾದ ಹಾಗೆ ಅದೂ ಬದಲಾಗುತ್ತೆ. ಇದಕ್ಕೆ ಒಂದೂವರೆ ಕೆಜಿ ಕಾಗದ ಯಾಕೆ ಸ್ವಾಮಿ?

ನನಗೆ ಬುದ್ಧಿ ಬಂದಿದ್ದು ಬೆಂಗಳೂರಿನ ಕುಂಬಾರರ ಬಡಾವಣೆ ಪಾಟರಿ ಟೌನ್‌ನಲ್ಲಿ. ಗಣೇಶನ ಹಬ್ಬಕ್ಕೆ ಮುಂಚೆ ಮೂರ್ತಿ ನೋಡೋಕೆ ಹೋದವನು, ಜಂಬಕ್ಕೆ, ಮೂರು ವಾರ ಕೂತು ಮಾಡಿದ ನನ್ನ ಮುದುಕನ ತಲೆಯನ್ನ ಫೋನಿನಲ್ಲಿ ತೋರಿಸಿದೆ. ಚರ್ಮದ ರಂಧ್ರ, ಹುಬ್ಬಿನ ಕೂದಲು, ಕಣ್ಣಿನ ಕೆಳಗಿನ ಸುಕ್ಕು, ಎಲ್ಲ ಇತ್ತು. ಅಲ್ಲಿ ಮಣ್ಣು ಕಲಸುತ್ತಿದ್ದ ಹಿರಿಯರು ಎರಡು ಸೆಕೆಂಡ್ ನೋಡಿದರು. "ಕಣ್ಣು ಮೇಲಕ್ಕೋಗ್ಬಿಟ್ಟಿದೆ ಸಾರ್. ಮೆದುಳು ಎಲ್ಲಿಡ್ತೀರಿ?"

ಅಷ್ಟೇ. ಮನೆಗೆ ಬಂದು ಅಳೆದೆ. ನೆತ್ತಿಯಿಂದ ಗದ್ದದವರೆಗಿನ ಎತ್ತರದಲ್ಲಿ ಕಣ್ಣು ಬರೋದು ಸರಿಯಾಗಿ ಮಧ್ಯಕ್ಕೆ. ನನ್ನ ಮುದುಕನಿಗೆ ಅದು ಮೇಲಿನ ಮೂರನೇ ಒಂದರಲ್ಲಿತ್ತು. ಪಕ್ಕದಿಂದ ತಿರುಗಿಸಿದರೆ ಕಿವಿ ಕೆನ್ನೆಯ ಮೇಲೆ, ಇರಬೇಕಾದ್ದು ತಲೆಯ ಅರ್ಧದಿಂದ ಹಿಂದಕ್ಕೆ. ನಾಲ್ಕು ಪುಸ್ತಕಗಳ ಸಾವಿರ ಚಿಲ್ಲರೆ ಪುಟಗಳಲ್ಲಿ ಈ ಎರಡು ಸಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮ ಶಿಲ್ಪಿಗಳು ಮೂರ್ತಿಗೆ ಹಾಕೋ ಅಳತೆಯ ಲೆಕ್ಕ, ತಾಳಮಾನ ನೋಡಿ: ಒಂದು ತಾಳಕ್ಕೆ ಹನ್ನೆರಡು ಅಂಗುಲ, ಮುಖಕ್ಕೆ ಮೂರು ಸಮಪಾಲು, ಕೂದಲಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಅಲ್ಲಿಂದ ಗದ್ದ. ಮೊದಲು ಅಳತೆ, ಆಮೇಲೆ ಆಕಾರ, ಕಣ್ಣು ತೆರೆಯೋದು ಎಲ್ಲಕ್ಕಿಂತ ಕೊನೆಗೆ. ನಾನು ರೆಪ್ಪೆಗೂದಲಿಂದ ಶುರು ಮಾಡಿದ್ದೆ!

ಹಾಗಾಗಿ ದುಡ್ಡು ಹಾಕೋದಾದರೆ ಮೈಯ ಪುಸ್ತಕಕ್ಕೆ ಹಾಕಿ. ಮೂಳೆ, ಮಾಂಸಖಂಡ, ಮುಖದ ಸಮತಲಗಳು. ಅಂಗಡಿಯಲ್ಲಿ ನಾನೀಗ ಒಂದೇ ಪರೀಕ್ಷೆ ಮಾಡ್ತೀನಿ: ನಡುವೆ ಎಲ್ಲಾದರೂ ಬಿಚ್ಚೋದು, ಮೆನು ಪೆಟ್ಟಿಗೆಗಳ ಚಿತ್ರವೇ ಜಾಸ್ತಿ ಇದ್ದರೆ ವಾಪಸ್ ಇಡೋದು. ಒಂದೇ ತಲೆಯನ್ನ ಎದುರು, ಪಕ್ಕ, ಮುಕ್ಕಾಲು, ಮೇಲಿನಿಂದ, ಗದ್ದದ ಕೆಳಗಿನಿಂದ ತೋರಿಸಿದ್ದರೆ ಇಟ್ಟುಕೊಳ್ಳೋದು. ಗದ್ದದ ಕೆಳಗಿನಿಂದ ಹೆಚ್ಚಿನವರು ತೋರಿಸಲ್ಲ, ನಾವು ಹೊಸಬರು ಸಿಕ್ಕಿಬೀಳೋದು ಅಲ್ಲೇ. ಲ್ಯಾಟ್ವಿಯಾದಿಂದ ಬಂದ ಅನಾಟಮಿ ಫಾರ್ ಸ್ಕಲ್ಪ್ಟರ್ಸ್ ಅನ್ನೋ ಪುಸ್ತಕ ಈ ಪರೀಕ್ಷೆಯಲ್ಲಿ ಪಾಸು, ಬೆಲೆ ಮಾತ್ರ ಹೊಟ್ಟೆ ಉರಿಸುತ್ತೆ. ಪುಕ್ಕಟೆ ಬೇಕಾ? ಲಂಡನ್ನಿನಲ್ಲಿ ಪಾಠ ಮಾಡ್ತಿದ್ದ ಎದುವಾರ್ ಲ್ಯಾಂತೆರಿ ಅನ್ನೋ ಶಿಲ್ಪಿ ಜೇಡಿಮಣ್ಣಿನ ಕೆಲಸದ ಬಗ್ಗೆ ಬರೆದದ್ದರ ಮೊದಲ ಸಂಪುಟ ಬಂದಿದ್ದು 1902ರಲ್ಲಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಇಳಿಸಿಕೊಳ್ಳಬಹುದು. ಕಂಪ್ಯೂಟರ್ ಅನ್ನೋ ವಸ್ತುವೇ ಇಲ್ಲದ ಕಾಲದ ಬರಹ, ಅದನ್ನ ಪಕ್ಕದಲ್ಲಿಟ್ಟುಕೊಂಡು ನಾನು ಹೋದ ತಿಂಗಳು ಮೊದಲ ಸಲ ಕಿವಿಯಂಥ ಕಿವಿ ಮಾಡಿದೆ. ಹೆಂಡತಿ ನೋಡಿ "ಕಿವಿ" ಅಂದಳು. ಹಿಂದಿನ ಸಲ "ಕಡುಬಾ?" ಅಂದಿದ್ದಳು.

ಇಷ್ಟೆಲ್ಲ ಆ ಅಪ್ಪನಿಗೆ ನಿಂತಲ್ಲೇ ಹೇಳಿದೆ. ಕೈ ಬೀಸಿ ಬೀಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನೀವು ಇದರ ಕ್ಲಾಸ್ ನಡೆಸ್ತೀರಾ ಸರ್?" ಅಂದರು. ಇಲ್ಲ ಅಂದೆ. ರಾಕ್ಷಸನ ಪುಸ್ತಕಕ್ಕೆ ಬಿಲ್ ಮಾಡಿಸಿದರು.

ಆ ಹುಡುಗ ನಿಮ್ಮಲ್ಲಿ ಯಾರದಾದರೂ ಮಗನೋ ಅಳಿಯನೋ ಆಗಿದ್ದರೆ ನನ್ನ ಹತ್ತಿರ ಕಳಿಸಿ. ಲ್ಯಾಂತೆರಿ ಪೆನ್‌ಡ್ರೈವ್‌ನಲ್ಲಿ ಹಾಕಿಕೊಡ್ತೀನಿ. ಗುಂಡಿ ಪುಸ್ತಕಗಳೇ ಬೇಕು ಅಂತ ಹಟ ಹಿಡಿದರೆ ಮೂರು ಕೊಡಬಲ್ಲೆ. ನಾಲ್ಕನೆಯದು ಕೊಡಲ್ಲ, ಅದರ ಮೇಲೆ ಮಾನಿಟರ್ ಕೂತಿದೆ, ಎತ್ತರ ಸರಿಯಾಗಿದೆ.