ಶಬ್ದ ಬಾರದಿದ್ದರೆ ಬೆಸುಗೆ ಪರೀಕ್ಷಿಸಿ

ನಾವೇ ಬೆಸೆದು ಜೋಡಿಸುವ ಎಲೆಕ್ಟ್ರಾನಿಕ್ ವಾದ್ಯದ ಕಿಟ್ ಯಾವುದೇ ಇರಲಿ, ಜೊತೆಗೆ ಬರುವ ಪುಸ್ತಿಕೆಯ ಕೊನೇ ಪುಟದಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ‘ಈಗ ಬ್ಯಾಟರಿ ಜೋಡಿಸಿ. ಶಬ್ದ ಬಾರದಿದ್ದರೆ ಬೆಸುಗೆಗಳನ್ನು ಪರೀಕ್ಷಿಸಿ.’ ಅಷ್ಟೇ. ಬ್ಯಾಟರಿ ಜೋಡಿಸಿ ಆಗಿದೆ, ಶಬ್ದ ಬಂದಿಲ್ಲ. ಬೆಸುಗೆ ನೋಡಿ ನೋಡಿ ಕಣ್ಣು ಉರಿ ಬಂದಿದೆ. ಒಂದೊಂದೂ ಮದುಮಗಳ ಮೂಗುತಿಯ ಹಾಗೆ ಫಳಫಳ ಅನ್ನುತ್ತಿದೆ. ಮುಂದೇನು ಅಂತ ಪುಟ ತಿರುವಿದರೆ, ಜೋಡಿಸಿದ ಕಿಟ್ ವಾಪಸ್ ತಗೊಳ್ಳುವುದಿಲ್ಲ ಅಂತ ಬರೆದಿದೆ.

ಈ ಪುಸ್ತಿಕೆ ಬರೆಯುವ ಪುಣ್ಯಾತ್ಮನ ಸ್ವಭಾವವೇ ಹಾಗೆ. ರೆಸಿಸ್ಟರಿನ ಕಾಲು ಬಗ್ಗಿಸುವುದಕ್ಕೆ ಅರ್ಧ ಪುಟ, ಚಿತ್ರಸಮೇತ. ಹೆಚ್ಚಾದ ಕಾಲು ಕತ್ತರಿಸುವಾಗ ಕಣ್ಣಿಗೆ ಸಿಡಿದೀತು, ಜೋಪಾನ ಅಂತ ಇನ್ನೊಂದು ಪ್ಯಾರಾ. ಪ್ರತಿ ಹಂತಕ್ಕೂ ‘ಶಭಾಷ್!’ ಎಂದು ಬೆನ್ನು ತಟ್ಟುತ್ತಾನೆ. ನಾಲ್ಕು ರೆಸಿಸ್ಟರ್ ಕೂರಿಸಿದ್ದಕ್ಕೆ ಶಭಾಷ್, ಐಸಿ (ಚಿಪ್) ಸಾಕೆಟ್ ಕೂರಿಸಿದ್ದಕ್ಕೆ ಶಭಾಷ್, ಸ್ಪೀಕರಿಗೆ ಎರಡು ವೈರ್ ಎಳೆದಿದ್ದಕ್ಕೂ ಶಭಾಷ್. ಎಲ್ಲ ಸರಿ ಇದ್ದಷ್ಟು ಹೊತ್ತೂ ಬಾಯಿ ಮುಚ್ಚದವನು, ಸ್ಪೀಕರ್ ಬಾಯಿ ಬಿಡದ ಗಳಿಗೆಗೆ ಸರಿಯಾಗಿ ಎದ್ದು ಹೊರಟುಬಿಡುತ್ತಾನೆ. ಅವನ ಮೇಜಿನ ಮೇಲಿನ ಬೋರ್ಡು ಮೊದಲ ಸಲಕ್ಕೇ ಕೂಗಿತು ಅಂದರೆ ನಂಬುವವರು ಯಾರು? ಅದೂ ಮುಷ್ಕರ ಹೂಡಿರುತ್ತದೆ. ಹೇಗೆ ದಾರಿಗೆ ತಂದ ಎಂಬುದನ್ನು ಮಾತ್ರ ಹೇಳುವುದಿಲ್ಲ. ಹಾಗಾಗಿ ಅವನು ಬರೆಯದೆ ಬಿಟ್ಟ ಪುಟ ಇಲ್ಲಿದೆ.

ಅಟಾರಿ ಪಂಕ್ ಕನ್ಸೋಲ್ ಎಂಬ ಪುಟ್ಟ ವಾದ್ಯವನ್ನೇ ತಗೊಳ್ಳಿ. 1980ರ ದಶಕದಲ್ಲಿ ಅಮೆರಿಕದ ಫಾರೆಸ್ಟ್ ಮಿಮ್ಸ್ ಅವರ ಹವ್ಯಾಸಿ ಪುಸ್ತಕಗಳಿಂದ ಹರಡಿದ ಸರ್ಕ್ಯೂಟ್ ಇದು. ಅಟಾರಿ ಎಂಬ ಹೆಸರು ಆಮೇಲೆ ಅಂಟಿದ್ದು. ಒಂದು 556 ಐಸಿ, ಎರಡು 500ಕೆ ಪಾಟ್ (ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್; ಕೆ ಅಂದರೆ ಸಾವಿರ ಓಮ್), ಒಂದು 1ಕೆ ರೆಸಿಸ್ಟರ್, ನಾಲ್ಕೈದು ಕೆಪಾಸಿಟರ್, 8 ಓಮ್ ಸ್ಪೀಕರ್, 9 ವೋಲ್ಟ್ ಬ್ಯಾಟರಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ‘500ಕೆ ಇಲ್ಲ ಸಾರ್, 470ಕೆ ಹಾಕ್ಕೊಳ್ಳಿ, ಏನೂ ಆಗಲ್ಲ’ ಅಂದರೆ ಜಗಳಕ್ಕೆ ನಿಲ್ಲಬೇಡಿ, ಆ ಮನುಷ್ಯ ಹೇಳುತ್ತಿರುವುದು ನಿಜ. ‘103 ಇಲ್ಲ, 104 ತಗೊಳ್ಳಿ’ ಅಂದರೆ ಮಾತ್ರ ಮುಂದಿನ ಅಂಗಡಿಗೆ ನಡೆಯಿರಿ. ಇವು ಕೆಪಾಸಿಟರ್ ಮೇಲಿನ ಸಂಖ್ಯೆಗಳು: 103 ಅಂದರೆ 0.01 ಮೈಕ್ರೊಫ್ಯಾರಡ್, 104 ಅದರ ಹತ್ತರಷ್ಟು. ಸಾಸಿವೆ ಅಕ್ಷರದಲ್ಲಿ ಬರೆದ ಈ ಸಂಖ್ಯೆಗಳನ್ನು ಫೋನ್ ಕ್ಯಾಮೆರಾದಲ್ಲಿ ಹಿಗ್ಗಿಸಿಯೇ ಓದಬೇಕು.

556ರ ಹೊಟ್ಟೆಯಲ್ಲಿರುವುದು ಎರಡು 555, ಅಂದರೆ ಎರಡು ಟೈಮರ್. ಮೊದಲನೆಯದು ತಾನಾಗಿಯೇ ಮಿಡಿಯುತ್ತಾ ಎರಡನೆಯದನ್ನು ತಿವಿಯುತ್ತದೆ. ತಿವಿತ ಬಿದ್ದಾಗೆಲ್ಲ ಎರಡನೆಯದು ಒಂದು ನಾಡಿ ಹೊರಡಿಸುತ್ತದೆ. ಸದ್ದಿಲ್ಲದಿದ್ದರೆ ಕೆಟ್ಟಿರುವುದು ಯಾವ ಅರ್ಧ ಎಂಬುದೊಂದು ಗೊತ್ತಾದರೆ ಸಾಕು, ಅರ್ಧ ಬೋರ್ಡಿನ ಬೆಸುಗೆ ನೋಡುವ ಕೆಲಸ ತಪ್ಪಿತು.

ಅದಕ್ಕೂ ಮೊದಲು ಕರೆಂಟು. ಮಲ್ಟಿಮೀಟರಿನಲ್ಲಿ ವೋಲ್ಟ್ ಅಳೆಯಬೇಕಾದ್ದು ಬ್ಯಾಟರಿಯ ತಲೆಯ ಮೇಲಲ್ಲ. ಐಸಿಯ 14ನೇ ಪಿನ್ (ಪ್ಲಸ್ಸಿನ ಕಾಲು) ಮತ್ತು 7ನೇ ಪಿನ್ (ಮೈನಸ್ಸಿನ ಕಾಲು) ನಡುವೆ, ಅದೂ ಆನ್ ಮಾಡಿದ ಸ್ಥಿತಿಯಲ್ಲಿ. ಗಡಿಯಾರದಿಂದಲೋ ಆಟಿಕೆಯಿಂದಲೋ ಕಿತ್ತು ತಂದ ಹಳೇ ಬ್ಯಾಟರಿ ಸುಮ್ಮನಿದ್ದಾಗ 8.5 ತೋರಿಸಿ, ಕೆಲಸ ಹೇಳಿದ ಕೂಡಲೇ ನಾಲ್ಕಕ್ಕೆ ಕುಸಿಯುತ್ತದೆ. ಮಾಮೂಲಿ 556 ಕೆಲಸ ಮಾಡಲು 4.5 ವೋಲ್ಟ್ ಆದರೂ ಬೇಕು. ಬ್ರೆಡ್‌ಬೋರ್ಡಿನಲ್ಲಿ (ಬೆಸುಗೆಯಿಲ್ಲದೆ ತೂತಿಗೆ ಚುಚ್ಚಿ ಜೋಡಿಸುವ ಹಲಗೆ) ಕಟ್ಟುತ್ತಿದ್ದರೆ ಇನ್ನೊಂದು ದ್ರೋಹ ಕಾದಿದೆ: ಎಷ್ಟೋ ಉದ್ದನೆ ಬೋರ್ಡುಗಳಲ್ಲಿ ಪವರ್ ಸಾಲು ಮಧ್ಯಕ್ಕೆ ತುಂಡಾಗಿರುತ್ತದೆ. ಮೇಲೆ ಬಳಿದ ಕೆಂಪು ಗೆರೆಯಲ್ಲೊಂದು ಸಣ್ಣ ಬಿಟ್ಟ ಜಾಗ ಇರುತ್ತದಲ್ಲ, ಅದು ಅಲಂಕಾರ ಅಲ್ಲ.

ಐಸಿಯನ್ನು ಮುಟ್ಟಿ ನೋಡಿ. ಚುರುಕ್ಕೆಂದರೆ ತಲೆಕೆಳಗಾಗಿ ಕೂತಿದೆ. 14 ಮತ್ತು 7 ಎದುರುಬದುರು ಮೂಲೆಯಲ್ಲಿರುವುದರಿಂದ, ಐಸಿ ತಿರುಗಿ ಕೂತರೆ ಪ್ಲಸ್ಸಿಗೆ ಮೈನಸ್ಸು, ಮೈನಸ್ಸಿಗೆ ಪ್ಲಸ್ಸು. ಅದು ಬದುಕುವುದು ಅನುಮಾನ. ಬಿಸಿ ಇಲ್ಲವಾದರೆ ಸಾಕೆಟಿನಿಂದ ಎಬ್ಬಿಸಿ ಕಾಲು ಎಣಿಸಿ. ಒಂದು ಕಾಲು ಒಳಗೆ ಮಡಚಿಕೊಂಡು ಐಸಿಯ ಹೊಟ್ಟೆಯಡಿ ಅಡಗಿದ್ದರೆ ಮೇಲಿನಿಂದ ಎಲ್ಲವೂ ಶಿಸ್ತಾಗಿಯೇ ಕಾಣುತ್ತದೆ. ಬೆಸುಗೆ ಎಷ್ಟು ಪರೀಕ್ಷಿಸಿದರೂ ಅದು ಸಿಗುವುದಿಲ್ಲ, ಸ್ವಾಮಿ.

ಇನ್ನು ಮೊದಲ ಅರ್ಧ. ಇಲ್ಲಿ ಎಲ್ಲರೂ ಹೋಗಿ ಬೀಳುವ ಗುಂಡಿ ಐದನೇ ಪಿನ್, ಅಂದರೆ ಈ ಅರ್ಧದ ಔಟ್‌ಪುಟ್. ಮಲ್ಟಿಮೀಟರ್ ಇಟ್ಟರೆ ಸುಮಾರು 7.4 ವೋಲ್ಟ್ ಅಲ್ಲಾಡದೆ ನಿಂತಿರುತ್ತದೆ. ‘ಮಿಡಿತ ಇಲ್ಲ, ಐಸಿ ಹೋಯ್ತು’ ಎಂದು ಹೊಸದು ತರಲು ಓಡುತ್ತಾರೆ. ಹೋಗಿರುವುದಿಲ್ಲ. ಈ ಸರ್ಕ್ಯೂಟಿನಲ್ಲಿ ಐದನೇ ಪಿನ್ ಬಹುಪಾಲು ಮೇಲೆಯೇ ಇದ್ದು, ಪ್ರತಿ ಸುತ್ತಿಗೂ ಬರೀ 7 ಮೈಕ್ರೊಸೆಕೆಂಡಿನಷ್ಟು ಹೊತ್ತು ಕೆಳಗಿಳಿದು ಬರುತ್ತದೆ. ಮೀಟರಿಗೆ ಅದು ಕಾಣಿಸುವುದೇ ಇಲ್ಲ. ಅಳೆಯಬೇಕಾದ್ದು ಒಂದಕ್ಕೊಂದು ಸೇರಿಸಿದ 2 ಮತ್ತು 6ನೇ ಪಿನ್‌ಗಳಲ್ಲಿ. ಅಲ್ಲಿ ವೋಲ್ಟೇಜು 3ರಿಂದ 6ಕ್ಕೆ ಹತ್ತಿ ಇಳಿಯುತ್ತಿರುವುದರಿಂದ ಮೀಟರ್ ನಾಲ್ಕೂವರೆಯ ಆಸುಪಾಸು ತೋರಿಸಿದರೆ ಮೊದಲ ಅರ್ಧ ಆರೋಗ್ಯವಾಗಿದೆ. ಸೊನ್ನೆ ತೋರಿಸಿದರೆ ಪಾಟಿನ ಮಧ್ಯದ ಕಾಲು ಬಿಟ್ಟಿದೆ, ಇಲ್ಲವೇ ನಾಲ್ಕನೇ ಪಿನ್, ಅಂದರೆ ರೀಸೆಟ್, ಪ್ಲಸ್ಸಿನ ಬದಲು ಮೈನಸ್ಸು ಹಿಡಿದಿದೆ. 9ಕ್ಕೆ ಅಂಟಿಕೊಂಡಿದ್ದರೆ ಈಗ ಬೇಕಾದರೆ ಐಸಿ ತರಲು ಹೊರಡಿ.

ಹೊಸದು ತಂದ ಮೇಲೆ ಹಳೆಯದು ಯಾಕೆ ಸತ್ತಿತು ಅಂತಲೂ ನೋಡಬೇಕು. ಕೆಲವು ಕಿಟ್‌ಗಳಲ್ಲಿ ಮೊದಲ ಪಾಟನ್ನು ಕೊನೆವರೆಗೆ ತಿರುಗಿಸಿದರೆ ಒಂದನೇ ಪಿನ್ ನೇರ ಬ್ಯಾಟರಿಗೆ ಸೇರಿಬಿಡುತ್ತದೆ. ಒಳಗಿನ ಟ್ರಾನ್ಸಿಸ್ಟರ್ ಸುಡುತ್ತದೆ. ಪಾಟಿನ ಜೊತೆ ಸೀರೀಸಿನಲ್ಲಿ ಇನ್ನೊಂದು 1ಕೆ ಹಾಕಿದ್ದರೆ ಮುಗಿಯುತ್ತಿತ್ತು. ಒಂದು ರೂಪಾಯಿಯ ಮಾತು. ಶಭಾಷ್!

ಎರಡನೇ ಅರ್ಧಕ್ಕೆ ಬಂದರೆ, ಅದರ ಔಟ್‌ಪುಟ್ ಆದ ಒಂಬತ್ತನೇ ಪಿನ್ 7.4ಕ್ಕೆ ನಿಂತಿದ್ದರೆ ಎರಡನೇ ಪಾಟಿನ ವೈರ್ ನೋಡಿ, ಸೊನ್ನೆಯಾಗಿದ್ದರೆ 5ರಿಂದ 8ಕ್ಕೆ ಹೋಗುವ ತಂತಿ ನೋಡಿ. ಇದರ ರೀಸೆಟ್ ಆದ ಹತ್ತನೇ ಪಿನ್ನೂ ಪ್ಲಸ್ಸಿನಲ್ಲೇ ಇರಬೇಕು. ಸ್ಪೀಕರ್ ಮೇಲೆ ಅನುಮಾನವಿದ್ದರೆ ಬಿಚ್ಚಿ ಒಂದೂವರೆ ವೋಲ್ಟಿನ ಸೆಲ್ ಸೋಕಿಸಿ, ಟಕ್ ಅನ್ನಬೇಕು.

ಮೀಟರಿಗಿಂತ ಕಿವಿಯೇ ವಾಸಿ ಅನ್ನುವವರಿಗೆ ಇನ್ನೊಂದು ಉಪಾಯ: ಹಳೇ ಕಂಪ್ಯೂಟರ್ ಸ್ಪೀಕರಿನ ಆಡಿಯೊ ವೈರ್ ತುದಿಗೆ ಒಂದು 104 ಕೆಪಾಸಿಟರ್, ಒಂದು 100ಕೆ ರೆಸಿಸ್ಟರ್ ಸಾಲಾಗಿ ಬೆಸೆದು, ವೈರಿನ ಇನ್ನೊಂದು ಎಳೆಯನ್ನು ಬ್ಯಾಟರಿ ಮೈನಸ್ಸಿಗೆ ಕೊಟ್ಟು, ಪಿನ್ನಿಂದ ಪಿನ್ನಿಗೆ ಸೋಕಿಸುತ್ತಾ ಹೋಗಿ. ಸದ್ದು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಸರಿ. ಪೇಟೆ ಬೀದಿಯ ರೇಡಿಯೊ ರಿಪೇರಿಯವರು ಇದನ್ನೇ ತಿರುಗುಮುರುಗಾಗಿ ಮಾಡುತ್ತಿದ್ದರು. ಸ್ಕ್ರೂಡ್ರೈವರಿನ ಲೋಹಕ್ಕೆ ಬೆರಳು ತಾಗಿಸಿ ವಾಲ್ಯೂಮ್ ಕಂಟ್ರೋಲಿನ ಮಧ್ಯದ ಕಾಲು ಮುಟ್ಟುವರು. ಗುರ್ರ್ ಅಂದರೆ ಅಲ್ಲಿಂದ ಮುಂದಿನದೆಲ್ಲ ಸರಿ, ದೋಷ ಹಿಂದೆ. ಗಿರಾಕಿ ಬೆಂಚಿನ ಮೇಲೆ ಕೂರುವಷ್ಟರಲ್ಲಿ ಅರ್ಧ ರೇಡಿಯೊ ಲೆಕ್ಕದಿಂದ ಆಚೆ. ಅಂಥ ಅಂಗಡಿಗಳಲ್ಲಿ ಈಗ ಮೊಬೈಲಿಗೆ ಗಾಜು ಅಂಟಿಸುತ್ತಾರೆ. ಪಕ್ಕದಲ್ಲಿ ನಿಂತು ನೋಡಿ ಕಲಿಯುವುದಕ್ಕೆ ಅಲ್ಲಿ ಏನೂ ಉಳಿದಿಲ್ಲ.

ಕೊನೆಗೂ ಕೂಗಿತು ಅನ್ನಿ. ಪಾಟ್ ತಿರುಗಿಸಿದರೆ ಸ್ವರ ಜಾರದೆ ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತದೆ. ಮತ್ತೆ ಮೀಟರ್ ಎತ್ತಬೇಡಿ, ಅದು ದೋಷವಲ್ಲ. ಎರಡನೇ ಟೈಮರ್ ತನ್ನ ನಾಡಿ ಮುಗಿಯುವ ತನಕ ಮೊದಲನೆಯದರ ತಿವಿತಗಳನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಹಾಗಾಗಿ ಸ್ವರ ಎರಡರಲ್ಲೊಂದು, ಮೂರರಲ್ಲೊಂದು ಭಾಗಕ್ಕೇ ಇಳಿಯುವುದು. ಇದರ ಹತ್ತಿರ ಗಮಕ ಕೇಳಬಾರದು. ಪಕ್ಕದ ಕೋಣೆಯಿಂದ ‘ಏನ್ರೀ ಅದು, ನಿಲ್ಲಿಸ್ತೀರಾ?’ ಅಂತ ಕೂಗು ಬಂತು ಅಂದರೆ ಎರಡೂ ಅರ್ಧ ಸರಿಯಾಗಿವೆ.

ಇಷ್ಟಾದ ಮೇಲೆ ತಗಡಿನ ಡಬ್ಬಿಗೆ ಹಾಕಿ ನಾಲ್ಕು ಸ್ಕ್ರೂ ಬಿಗಿ ಮಾಡುತ್ತಾರೆ, ಮತ್ತೆ ಮೌನ. ಬೋರ್ಡಿನಡಿ ಕತ್ತರಿಸದೆ ಬಿಟ್ಟ ಕಾಲುಗಳು ತಗಡಿಗೆ ತಾಗಿರುತ್ತವೆ. ಅಡಿಗೊಂದು ರಟ್ಟಿನ ತುಂಡು ಹಾಕಿ. ಕಿಟ್ ಬಂದ ಪೆಟ್ಟಿಗೆಯದೇ ಸಾಕು.